ಅನ್ನವೇ ಔಷಧವಾದ ಬಗೆ: ಬೆರಿಬೆರಿ ರೋಗದ ಚರಿತ್ರೆಯಿಂದ ಒಂದು ಪಾಠ

ಆಹಾರವೇ ಔಷಧವೆಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ಪಥ್ಯವಿಲ್ಲದೆ ಮದ್ದು ಫಲಿಸದೆಂಬುದು ಮನೆಮನೆಯ ಹಿರಿಯರ ನಂಬಿಕೆ. ಈಚಿನ ವರ್ಷಗಳಲ್ಲಿ ಈ ಮಾತು ಬೇರೊಂದು ವೇಷದಲ್ಲಿ ಮರಳಿ ಬಂದಿದೆ. ಜೀವಸತ್ತ್ವದ ಗುಳಿಗೆಗಳೂ ಪೌಷ್ಟಿಕ ಪುಡಿಗಳೂ ಅಂಗಡಿಗಳಲ್ಲಿ ತುಂಬಿವೆ. ವೈದ್ಯರು ಕೊಟ್ಟ ಔಷಧಕ್ಕೆ ಬದಲಾಗಿ ಇವನ್ನೇ ಸೇವಿಸಿದರೆ ಸಾಕೆಂದು ಹೇಳುವವರೂ ಅದನ್ನು ನಂಬುವವರೂ ಹೆಚ್ಚಿದ್ದಾರೆ. ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು, ತನ್ನ ತಂದೆಯವರು ಮಧುಮೇಹದ ಮಾತ್ರೆಗಳನ್ನು ಬಿಟ್ಟು ಪುಡಿಯೊಂದನ್ನು ಸೇವಿಸುತ್ತಿರುವರೆಂದು ತಿಳಿಸಿ, ಇದಕ್ಕೆ ಚರಿತ್ರೆಯಲ್ಲಿ ಆಧಾರವುಂಟೇ ಎಂದು ಕೇಳಿದನು. ವೈದ್ಯಶಾಸ್ತ್ರದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಆಹಾರದಿಂದಲೇ ಮಹಾರೋಗವೊಂದು ಗುಣವಾದ ನಿದರ್ಶನ ಚರಿತ್ರೆಯಲ್ಲಿದೆ. ಅದು ಯಾವ ಬಗೆಯಿಂದ ಸ್ಥಿರಪಟ್ಟಿತು, ಅದರ ಮಿತಿಯೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಬೆರಿಬೆರಿ ಎಂಬುದು ಅನ್ನವೇ ಮುಖ್ಯ ಆಹಾರವಾದ ದೇಶಗಳನ್ನು ಬಹುಕಾಲ ಕಾಡಿದ ರೋಗ. ಕಾಲುಗಳು ಸೋಲುವುದು, ಮೈ ಊದಿಕೊಳ್ಳುವುದು, ಕೊನೆಗೆ ಹೃದಯ ನಿಂತು ಮರಣ ಸಂಭವಿಸುವುದು ಇದರ ಲಕ್ಷಣಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಯಂತ್ರದ ಅಕ್ಕಿಗಿರಣಿಗಳು ಹರಡಿ, ತವುಡನ್ನೆಲ್ಲ ಕಳೆದ ಬಿಳಿಯ ಅಕ್ಕಿಯು ಅಗ್ಗವಾಗಿ ದೊರೆಯತೊಡಗಿದ ಮೇಲೆ ಸೈನ್ಯ, ನೌಕಾಪಡೆ, ಸೆರೆಮನೆ, ಗಣಿಗಳಲ್ಲಿ ಇದರ ಹಾವಳಿ ಉಲ್ಬಣಿಸಿತು.

ಜಪಾನಿನ ನೌಕಾವೈದ್ಯ ತಕಾಕಿ ಕನೆಹಿರೊ ಈ ರೋಗಕ್ಕೆ ಆಹಾರವೇ ಕಾರಣವೆಂದು ಊಹಿಸಿದರು. 1882-83ರಲ್ಲಿ ರ್ಯೂಜೊ ಎಂಬ ತರಬೇತಿ ಹಡಗಿನಲ್ಲಿದ್ದ 376 ಮಂದಿಯಲ್ಲಿ 169 ಮಂದಿ ರೋಗಕ್ಕೆ ತುತ್ತಾಗಿ, 25 ಮಂದಿ ಮೃತರಾಗಿದ್ದರು. 1884ರಲ್ಲಿ ತ್ಸುಕುಬಾ ಎಂಬ ಮತ್ತೊಂದು ಹಡಗನ್ನು ಅದೇ ಮಾರ್ಗದಲ್ಲಿ ಕಳುಹಿಸಿ, ನಾವಿಕರಿಗೆ ಅನ್ನವನ್ನು ತಗ್ಗಿಸಿ ಮಾಂಸ ಮೊದಲಾದ ಇತರ ಆಹಾರವನ್ನು ಹೆಚ್ಚಿಸಲಾಯಿತು. ಕೆಲವರಿಗೆ ಮಾತ್ರ ರೋಗ ತಗುಲಿತು; ಒಬ್ಬರೂ ಸಾಯಲಿಲ್ಲ. ರೋಗವು ಸಾರಜನಕಯುಕ್ತ ಆಹಾರದ ಕೊರತೆಯಿಂದ ಬರುವುದೆಂಬ ತಕಾಕಿಯವರ ವಿವರಣೆ ತಪ್ಪಾಗಿದ್ದಿತು. ಆದರೆ ಅವರ ಚಿಕಿತ್ಸೆ ಸರಿಯಾಗಿದ್ದಿತು. ನೌಕಾಪಡೆ ಇದನ್ನು ಅಂಗೀಕರಿಸಿತು. ರೋಗಾಣುವೇ ಕಾರಣವೆಂದು ನಂಬಿದ್ದ ಭೂಸೈನ್ಯದ ವೈದ್ಯಾಧಿಕಾರಿಗಳು ಅಂಗೀಕರಿಸಲಿಲ್ಲ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಜಪಾನಿನ ಭೂಸೈನ್ಯವು ಬೆರಿಬೆರಿಯೊಂದರಿಂದಲೇ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೈನಿಕರನ್ನು ಕಳೆದುಕೊಂಡಿತು.

ಇದೇ ಕಾಲದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ (ಇಂದಿನ ಜಕಾರ್ತ) ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ರೋಗಾಣುವನ್ನು ಹುಡುಕುತ್ತಿದ್ದರು. 1889ರಲ್ಲಿ ಅವರ ಪ್ರಯೋಗದ ಕೋಳಿಗಳಿಗೆ ಕಾಲು ಸೋತು ಬೆರಿಬೆರಿಯನ್ನು ಹೋಲುವ ರೋಗ ಬಂದಿತು. ಕೆಲವು ತಿಂಗಳಲ್ಲಿ ತಾನಾಗಿಯೇ ಹೋಯಿತು. ವಿಚಾರಿಸಿದಾಗ, ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿಯನ್ನವನ್ನು ಅವಕ್ಕೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಅದನ್ನು ಕೊಡಲು ಒಪ್ಪದೆ ಹೋದ ಮೇಲೆ ಕೋಳಿಗಳು ಚೇತರಿಸಿಕೊಂಡವೆಂದೂ ತಿಳಿದುಬಂದಿತು. ಮನುಷ್ಯರ ವಿಷಯದಲ್ಲಿಯೂ ಇದು ನಿಜವೇ ಎಂಬುದನ್ನರಿಯಲು ಫೋರ್ಡರ್‌ಮನ್ ಎಂಬ ಅಧಿಕಾರಿ ಜಾವಾದ 101 ಸೆರೆಮನೆಗಳನ್ನು ಪರಿಶೀಲಿಸಿದರು. ಬಿಳಿಯ ಅಕ್ಕಿಯನ್ನು ಬಳಸುತ್ತಿದ್ದ 51 ಸೆರೆಮನೆಗಳ ಪೈಕಿ 36ರಲ್ಲಿ ರೋಗವಿದ್ದಿತು. ತವುಡುಳಿದ ಅಕ್ಕಿಯನ್ನು ಬಳಸುತ್ತಿದ್ದ 37ರ ಪೈಕಿ ಒಂದೇ ಒಂದರಲ್ಲಿ. ಅಕ್ಕಿಯಲ್ಲಿರುವ ವಿಷವನ್ನು ತವುಡು ಕಳೆಯುವುದೆಂದು ಐಕ್‌ಮನ್ ಭಾವಿಸಿದರು. ವಿಷದ ಮಾತಲ್ಲ, ಅತ್ಯಾವಶ್ಯಕವಾದ ಅಂಶವೊಂದರ ಅಭಾವವೇ ಕಾರಣವೆಂದು 1901ರಲ್ಲಿ ಅವರ ಉತ್ತರಾಧಿಕಾರಿ ಖ್ರೈನ್ಸ್ ತೋರಿಸಿದರು.

ಈ ಕಥೆಯಲ್ಲಿ ದಕ್ಷಿಣ ಭಾರತಕ್ಕೂ ಸ್ಥಾನವುಂಟು. ಮಲಯದಲ್ಲಿ ಬಿಳಿಯ ಅಕ್ಕಿಯನ್ನುಣ್ಣುತ್ತಿದ್ದ ಚೀನೀ ಗಣಿಗಾರರು ಬೆರಿಬೆರಿಯಿಂದ ನರಳುತ್ತಿದ್ದರೆ, ಅಲ್ಲಿಗೆ ಹೋಗಿದ್ದ ತಮಿಳು ಕೂಲಿಗಾರರು ಬಹುಮಟ್ಟಿಗೆ ಪಾರಾಗಿದ್ದರು. ಇವರು ಉಣ್ಣುತ್ತಿದ್ದುದು ಭತ್ತವನ್ನು ಬೇಯಿಸಿ, ಒಣಗಿಸಿ, ಅನಂತರ ಕುಟ್ಟಿದ ಅಕ್ಕಿ. ನಮ್ಮ ಕರಾವಳಿಯವರು ಕುಚ್ಚಲಕ್ಕಿ ಎಂದು ಕರೆಯುವುದು ಇದನ್ನೇ. 1907ರಿಂದ ಫ್ರೇಸರ್ ಮತ್ತು ಸ್ಟಾಂಟನ್ ಎಂಬ ವೈದ್ಯರು ಅಲ್ಲಿ ಸುಮಾರು 300 ಮಂದಿ ಜಾವಾ ಕೂಲಿಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಕುಚ್ಚಲಕ್ಕಿಯನ್ನೂ ಕೊಟ್ಟರು. ಮೊದಲ ಗುಂಪಿನಲ್ಲಿ ರೋಗ ಕಾಣಿಸಿತು. ಅಕ್ಕಿಯನ್ನು ಅದಲುಬದಲು ಮಾಡಲು, ರೋಗವೂ ಗುಂಪು ಬದಲಾಯಿಸಿತು. ಭತ್ತವನ್ನು ನೆನೆಸಿ ಬೇಯಿಸುವಾಗ ತವುಡಿನ ಸತ್ತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುವುದರಿಂದ, ಮುಂದೆ ಗಿರಣಿಗೆ ಹಾಕಿದರೂ ಪೂರ್ತಿ ನಷ್ಟವಾಗದು. 1912ರಲ್ಲಿ ಫುಂಕ್ ಇಂತಹ ಅಂಶಗಳಿಗೆ ‘ವಿಟಮಿನ್’ ಎಂಬ ಹೆಸರನ್ನು ಕೊಟ್ಟರು. 1926ರಲ್ಲಿ ಯಾನ್ಸನ್ ಮತ್ತು ಡೊನಾತ್ ತವುಡಿನಿಂದ ಇದರ ಹರಳುಗಳನ್ನು ಬೇರ್ಪಡಿಸಿದರು. 1936ರಲ್ಲಿ, ನೆಲ್ಲೂರಿನಲ್ಲಿ ಜನಿಸಿದ ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ವಿಲಿಯಮ್ಸ್ ಇದನ್ನು ಕೃತಕವಾಗಿ ತಯಾರಿಸಿದರು. ಥಯಾಮಿನ್ ಎಂಬುದು ಇದೇ.

ಇದರಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ತಕಾಕಿ, ಐಕ್‌ಮನ್ ಇಬ್ಬರ ಸಿದ್ಧಾಂತಗಳೂ ತಪ್ಪಾಗಿದ್ದರೂ ಆಹಾರದ ಮಹತ್ತ್ವವು ಸಿದ್ಧವಾದುದು ಹೋಲಿಕೆಯ ಪರೀಕ್ಷೆಯಿಂದ. ಯಾರೊಬ್ಬರ ಅನುಭವದ ಮಾತಿನಿಂದಲ್ಲ. ಎರಡನೆಯದು, ತವುಡು ಬೆರಿಬೆರಿಯನ್ನು ಗುಣಪಡಿಸಿದುದು ತವುಡಿನ ಅಭಾವವೇ ಆ ರೋಗವನ್ನು ತಂದಿದ್ದುದರಿಂದ. ಕೊರತೆಯನ್ನು ತುಂಬುವ ವಸ್ತು, ಕೊರತೆಯಿಲ್ಲದವನಿಗೂ ಹಿತವೆಂದು ತರ್ಕಿಸಲಾಗದು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕ್ಯಾರೊಟೀನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವುದಿರಲಿ, ಶೇಕಡ 18ರಷ್ಟು ಹೆಚ್ಚಾಯಿತು.

ಮಧುಮೇಹದ ಚರಿತ್ರೆಯಾದರೋ ಇನ್ನೂ ಸ್ಪಷ್ಟ. ಇನ್ಸುಲಿನ್ ದೊರೆಯುವ ಮುನ್ನ ಅಮೆರಿಕದ ಅಲೆನ್ ಮೊದಲಾದವರು ಕಟ್ಟುನಿಟ್ಟಾದ ಅಲ್ಪಾಹಾರವೊಂದರಿಂದಲೇ ರೋಗಿಗಳನ್ನು ಕಾಪಾಡಲು ಯತ್ನಿಸಿದರು. ಎಳೆಯ ರೋಗಿಗಳ ಆಯುಸ್ಸು ತುಸು ಬೆಳೆಯಿತು, ಪ್ರಾಣ ಉಳಿಯಲಿಲ್ಲ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಟ್ಟ ಮೇಲೆಯೇ ಅಂತಹವರಿಗೆ ಬಾಳುವ ದಾರಿ ತೆರೆಯಿತು. ವಯಸ್ಕರಲ್ಲಿ ಕಾಣುವ ಮಧುಮೇಹದಲ್ಲಿ ಆಹಾರನಿಯಮಕ್ಕೆ ದೊಡ್ಡ ಸ್ಥಾನವಿದೆ, ನಿಜ. ಆದರೆ ಮಾತ್ರೆಯನ್ನು ತಗ್ಗಿಸುವ, ಬಿಡುವ ನಿರ್ಧಾರ ರಕ್ತಪರೀಕ್ಷೆಯನ್ನು ನೋಡಿದ ವೈದ್ಯರದು, ಪುಡಿ ಮಾರುವವನದಲ್ಲ.

ಆ ವಿದ್ಯಾರ್ಥಿಗೆ ನಾವು ಇಷ್ಟನ್ನೇ ಹೇಳಿದೆವು. ಪುಡಿಯ ಡಬ್ಬಿಯನ್ನೂ ತಂದೆಯವರನ್ನೂ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯುವುದಾಗಿ ಅವನು ಒಪ್ಪಿದನು. ಅನ್ನವು ಔಷಧವಾಗಬಲ್ಲುದೆಂಬುದಕ್ಕೆ ಚರಿತ್ರೆ ಸಾಕ್ಷಿ ಹೇಳುತ್ತದೆ. ಎಲ್ಲ ಔಷಧಕ್ಕೂ ಅನ್ನವೇ ಬದಲೆಂಬುದಕ್ಕೆ ಅದೇ ಚರಿತ್ರೆ ಸಾಕ್ಷಿ ಹೇಳದು.