ಬಾಡಿಗೆಯ ಮಹಡಿಮನೆಯೂ ಬೇಸಗೆಯ ತಾಪವೂ

ಶಾಸ್ತ್ರದ ಗಣನೆಯಂತೆ ಚೈತ್ರ-ವೈಶಾಖಗಳು ವಸಂತ ಋತು, ಜ್ಯೇಷ್ಠ-ಆಷಾಢಗಳು ಗ್ರೀಷ್ಮ. ಆದರೆ ಕಲಬುರಗಿಯಲ್ಲಿ ಬಾಡಿಗೆಯ ಮಹಡಿಮನೆಯಲ್ಲಿ ವಾಸಿಸುವವನಿಗೆ ವೈಶಾಖವೇ ನಿಜವಾದ ಗ್ರೀಷ್ಮ. ಆಷಾಢದ ವೇಳೆಗೆ ಮುಂಗಾರಿನ ಮೋಡಗಳು ಬಂದು ಕರುಣೆ ತೋರಿರುತ್ತವೆ. ಅನೇಕ ವರ್ಷ ಇಂಥ ಮನೆಯಲ್ಲಿ ಬಾಳಿ ಅರಿತ ಕೆಲವು ವಿಚಾರಗಳನ್ನು, ನನ್ನಂತೆ ಬಾಡಿಗೆಗಿರುವ ಅಧ್ಯಾಪಕ ಬಂಧುಗಳ ಮುಂದೆಯೂ ಅಂಥ ಮನೆಗಳ ಒಡೆಯರಾದ ಮಹನೀಯರ ಮುಂದೆಯೂ ಇಡಬಯಸುತ್ತೇನೆ.

ಕಲಬುರಗಿಯು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದಕಾರಣ ಮೇ 10ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬಿಸಿಲಿನ ಬಹುಭಾಗವನ್ನು ಹೊರುವುದು ಗೋಡೆಯಲ್ಲ, ತಾರಸಿ. ಹಿಂದಿನವರ ಮಾಳಿಗೆಮನೆಗೆ ದಪ್ಪನೆಯ ಮಣ್ಣಿನ ಹೊದಿಕೆಯಿತ್ತು. ಹಗಲಿನ ಕಾವು ಅದನ್ನು ದಾಟಿ ಒಳಗಿಳಿಯುವುದು ನಿಧಾನವಾಗಿತ್ತು. ಐದಾರು ಅಂಗುಲದ ಕಾಂಕ್ರೀಟು ಹಾಗಲ್ಲ. ಮಧ್ಯಾಹ್ನ ಹೀರಿದ ತಾಪವನ್ನು ಅದು ಸಂಜೆಯಿಂದ ರಾತ್ರಿಯವರೆಗೆ ನಮ್ಮ ಮೇಲೆ ಸೂಸುತ್ತದೆ. ರಾತ್ರಿ ಹತ್ತು ಗಂಟೆಗೆ ಅಟ್ಟದ ಮೇಲಿನ ನಿಘಂಟನ್ನು ತೆಗೆದರೆ ಕೈಗೆ ಬೆಚ್ಚಗೆ ತಾಗುತ್ತಿದ್ದುದು ಇದರಿಂದಲೇ.

ಇದನ್ನು ನಾನು ಮೊದಲು ಲಘುವಾಗಿ ಎಣಿಸಿದ್ದೆ. ಒಂದು ಮೇ ತಿಂಗಳ ಸಂಜೆ, ಎಂಬತ್ತು ದಾಟಿದ ನನ್ನ ತಾಯಿಯವರು ನನ್ನನ್ನು ತಮ್ಮ ಅಣ್ಣನೆಂದು ತಿಳಿದು ಮಾತನಾಡತೊಡಗಿದರು. ಮೈ ಕೆಂಡದಂತೆ ಸುಡುತ್ತಿತ್ತು. ಕೆಳಮನೆಯ ಒಡತಿ ಓಡಿಬಂದು, ಅವರನ್ನು ತಮ್ಮ ಪಡಸಾಲೆಗೆ ಇಳಿಸಿಕೊಂಡು, ಮೈಗೆಲ್ಲ ಒದ್ದೆಬಟ್ಟೆ ಹಾಕಿ ಗಾಳಿ ಬೀಸಿದರು. ಕೂಡಲೇ ಆಸ್ಪತ್ರೆಗೆ ಒಯ್ದುದರಿಂದ ಜೀವ ಉಳಿಯಿತು. ವೃದ್ಧರಿಗೆ ಬಾಯಾರಿಕೆಯ ಅರಿವು ಕಡಿಮೆ. ಕೇಳದಿದ್ದರೂ ಆಗಾಗ ನೀರು ಕೊಡಬೇಕು. ಮಾತು ತಡವರಿಸಿದರೆ ಅದನ್ನು ಆಯಾಸವೆಂದು ಉಪೇಕ್ಷಿಸಲಾಗದು.

ಮರುವರ್ಷ ಫಾಲ್ಗುಣದಲ್ಲಿಯೇ ತಾರಸಿಗೆ ಸುಣ್ಣ ಬಳಿಯಲು ಒಡೆಯರ ಅನುಮತಿ ಬೇಡಿದೆ. ಬಾಡಿಗೆಯವನು ತಾರಸಿ ಕೆಡಿಸಿಯಾನೆಂಬ ಶಂಕೆ ಅವರಿಗಿತ್ತು. ಆದರೆ ಆ ಸಂಜೆಯನ್ನು ಕಂಡಿದ್ದ ಅವರ ಪತ್ನಿಯೇ ನನ್ನ ಪರವಾಗಿ ನುಡಿದರು. ತಾರಸಿಯನ್ನು ಗುಡಿಸಿ ತೊಳೆದು, ಸೋಸಿದ ಸುಣ್ಣದ ತಿಳಿಗೆ ಸ್ವಲ್ಪ ಅಂಟು ಬೆರೆಸಿ, ಎರಡು ಸಲ ಬಳಿದೆವು. ಬಿಳುಪು ಬಿಸಿಲನ್ನು ಹೀರದೆ ಮರಳಿಸುತ್ತದೆ. ಮನೆಯೇನೂ ಮಲೆನಾಡಾಗಲಿಲ್ಲ, ಆದರೆ ನಿಘಂಟಿನ ಬಿಸಿ ಇಳಿಯಿತು, ತಾಯಿಯವರಿಗೆ ನಿದ್ರೆ ಬಂದಿತು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ವರ್ಷಕ್ಕೊಮ್ಮೆ ಬಳಿಯಬೇಕು. ತಾರಸಿಯ ಮೇಲೆ ನೀರು ಕಟ್ಟಿ ನಿಲ್ಲಿಸುವುದು ಮಾತ್ರ ಸಲ್ಲದು: ಒಂದು ಚದರ ಮೀಟರಿನಲ್ಲಿ ಹತ್ತು ಸೆಂಟಿಮೀಟರು ನಿಂತ ನೀರಿನ ಭಾರ 100 ಕಿಲೋ, ಸೋರಿಕೆಯ ಭಯವೂ ಉಂಟು.

ಉಳಿದವು ಬಾಡಿಗೆದಾರನ ಕೈಯಲ್ಲಿಯೇ ಇವೆ. ಬೆಳಗ್ಗೆ ಬಿಸಿಲೇರುವ ಮುನ್ನ ಕಿಟಕಿಗಳನ್ನು ಮುಚ್ಚಿ, ಹೊರಗಾಳಿ ತಂಪಾದ ಮೇಲೆ ಎದುರುಬದುರಾಗಿ ತೆರೆಯಬೇಕು. ಪಶ್ಚಿಮದ ಕಿಟಕಿಗೆ ಚಾಪೆಯನ್ನೋ ಗೋಣಿತಟ್ಟನ್ನೋ ಹೊರಗಡೆ ಕಟ್ಟಬೇಕು. ಒಳಗಿನ ಪರದೆಗೆ ತಾಗಿದ ಬಿಸಿಲು ಆಗಲೇ ಮನೆ ಹೊಕ್ಕಿರುತ್ತದೆ. ಲಾವಂಚದ ತಟ್ಟಿಯೂ ಕೂಲರೂ ನೀರನ್ನು ಆವಿಯಾಗಿಸಿ ತಂಪು ನೀಡುವುದರಿಂದ ನಮ್ಮ ಒಣಹವೆಗೆ ಒಗ್ಗುತ್ತವೆ, ಕರಾವಳಿಯ ತೇವದ ಹವೆಗೆ ಒಗ್ಗವು. ಕೂಲರ್ ನಡೆಯುವಾಗ ಗಾಳಿ ಹೊರಹೋಗಲು ಒಂದು ಕಿಟಕಿ ತೆರೆದಿರಲಿ. ಬೀಸಣಿಗೆಯು ಬೆವರನ್ನು ಆರಿಸಿ ಮೈಯನ್ನು ತಣಿಸುವುದೇ ಹೊರತು ಕೋಣೆಯನ್ನಲ್ಲ. ಕೋಣೆಯ ತಾಪ 40 ಡಿಗ್ರಿ ಮೀರಿದಾಗ ಅದನ್ನೊಂದನ್ನೇ ನಂಬಬಾರದು.

ಕೊನೆಯದಾಗಿ ಮನೆಯೊಡೆಯರಲ್ಲಿ ಒಂದು ವಿಜ್ಞಾಪನೆ. ಮಹಡಿಯಲ್ಲಿರುವವನು ಕೆಳಮನೆಗೆ ಕೊಡೆಯಿದ್ದಂತೆ. ನಿಮ್ಮ ಪಡಸಾಲೆಯ ತಂಪಿಗೆ ಅವನು ಹೊತ್ತ ಬಿಸಿಲೂ ಕಾರಣ. ಆ ಕೊಡೆಗೆ ವರ್ಷಕ್ಕೊಮ್ಮೆ ಬಿಳಿಯ ಹೊದಿಕೆ ಹೊದಿಸುವ ಕೆಲಸವನ್ನು ಅವನು ಬೇಡುವ ಮುನ್ನವೇ ಮಾಡಿಸುವುದು ದೊಡ್ಡ ವೆಚ್ಚವಲ್ಲ, ದೊಡ್ಡ ಉಪಕಾರ.