ಹಳೆಯ ಆದೇಶ, ಹೊಸ ಆವೃತ್ತಿ

ಮಂಗಳೂರಿನ ಕೊಡಿಯಾಲ್‌ಬೈಲಿನ ಕಾಲೇಜೊಂದರ ವಿದ್ಯಾರ್ಥಿಗಳು ಗಣಕದಲ್ಲಿ ತಮ್ಮ ಕಾಲೇಜಿನವರ ವಿಳಾಸಪಟ್ಟಿ ಮಾಡಿದ್ದಾರೆ ಎಂದುಕೊಳ್ಳಿ. ಪ್ರತಿ ದಾಖಲೆಯಲ್ಲೂ ಹೆಸರು, ತರಗತಿ, ಬಡಾವಣೆ ಎಂಬ ಮೂರು ಅಂಶಗಳಿವೆ. ಓದು ಮುಗಿಸಿದ ತರಗತಿಯವರನ್ನು ಪಟ್ಟಿಯಿಂದ ಅಳಿಸಬೇಕು. ಆದೇಶ ಬರೆಯುವಾಗ ‘ತರಗತಿ’ ಎಂಬುದು ಕೈತಪ್ಪಿ ‘ತರಗತ’ ಎಂದಾಯಿತು. ಈಗ ಏನಾದೀತು? ಒಂದು ಆವೃತ್ತಿಯ ಲೈಬ್ರರಿಯಲ್ಲಿ ಏನೂ ಅಳಿಯುವುದಿಲ್ಲ. ಇನ್ನೊಂದರಲ್ಲಿ ಇಡೀ ಪಟ್ಟಿಯೇ ಅಳಿಸಿಹೋಗುತ್ತದೆ!

ಇಲ್ಲಿ ಲೈಬ್ರರಿ ಎಂದರೆ ಪುಸ್ತಕಗಳ ಗ್ರಂಥಾಲಯವಲ್ಲ. ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳುವ ಸಿದ್ಧ ತಂತ್ರಾಂಶ. 2009ರಲ್ಲಿ ಬಂದ ಮೊಂಗೋಡಿಬಿ ಎಂಬ ಡೇಟಾಬೇಸಿನಲ್ಲಿ ಕೋಷ್ಟಕದ ಕಂಬಸಾಲುಗಳಿಲ್ಲ. ಒಂದೊಂದು ದಾಖಲೆಯೂ ತನ್ನದೇ ಆದ ಅಂಶಗಳನ್ನು ಹೊಂದಿರಬಹುದು. ಈ ಸ್ವಾತಂತ್ರ್ಯಕ್ಕೆ ಕಟ್ಟುಪಾಡು ಹಾಕಲು ನೋಡ್ ಜೆಎಸ್ ಬಳಸುವವರು ಮಂಗೂಸ್ ಎಂಬ ಲೈಬ್ರರಿಯನ್ನು ನೆಚ್ಚುತ್ತಾರೆ. ಯಾವ ಅಂಶಗಳಿರಬೇಕು ಎಂಬ ನಕ್ಷೆಯನ್ನು ಅದಕ್ಕೆ ಮೊದಲೇ ಕೊಡಬೇಕು.

ಆವೃತ್ತಿ ಸಂಖ್ಯೆಯ ಮೊದಲ ಅಂಕಿ ಬದಲಾದರೆ ಹಳೆಯ ಪ್ರೋಗ್ರಾಮು ನಿಲ್ಲಬಹುದು ಎಂದು ಅರ್ಥ. 2023ರ ಫೆಬ್ರವರಿಯಲ್ಲಿ ಬಂದ ಮಂಗೂಸ್ 7 ಕಾಲ್‌ಬ್ಯಾಕ್ ಪದ್ಧತಿಯನ್ನು ಕೈಬಿಟ್ಟಿತು. ‘ರಿಮೂವ್’ ಆದೇಶವೂ ಹೋಯಿತು. ಅದೇ ವರ್ಷ ಅಕ್ಟೋಬರಿನ ಮಂಗೂಸ್ 8ರಲ್ಲಿ ‘ಕೌಂಟ್’ ಇಲ್ಲ, ‘ಕೌಂಟ್‌ಡಾಕ್ಯುಮೆಂಟ್ಸ್’ ಎನ್ನಬೇಕು. ಇವು ಅಷ್ಟೇನೂ ಅಪಾಯದವಲ್ಲ. ಹಳೆಯ ಆದೇಶ ಕೊಟ್ಟೊಡನೆ ಪ್ರೋಗ್ರಾಮು ದೋಷ ತೋರಿಸಿ ನಿಲ್ಲುತ್ತದೆ, ನೀವು ತಿದ್ದುತ್ತೀರಿ.

ಸದ್ದಿಲ್ಲದೆ ಬದಲಾದದ್ದು ‘ಸ್ಟ್ರಿಕ್ಟ್‌ಕ್ವೆರಿ’ ಎಂಬ ಆಯ್ಕೆ. 2021ರ ಮಂಗೂಸ್ 6ರಲ್ಲಿ ಅದು ತಾನಾಗಿಯೇ ಜಾರಿಯಲ್ಲಿತ್ತು: ನಕ್ಷೆಯಲ್ಲಿಲ್ಲದ ಅಂಶವನ್ನು ಷರತ್ತಿನಿಂದ ಕಿತ್ತುಹಾಕುತ್ತಿತ್ತು. ದಾಖಲೆ ಉಳಿಸುವಾಗ ಇದು ಒಳ್ಳೆಯದೇ, ಕಸ ಒಳಸೇರುವುದಿಲ್ಲ. ಹುಡುಕುವಾಗ ಮಾತ್ರ ಫಲ ತಿರುಗುಮುರುಗು. ಇದ್ದ ಒಂದೇ ಷರತ್ತನ್ನು ಕಿತ್ತರೆ ಉಳಿಯುವುದು ಷರತ್ತಿಲ್ಲದ ಆದೇಶ. ‘ತರಗತ’ ಹೋಗಿ ‘ಎಲ್ಲವನ್ನೂ ಅಳಿಸು’ ಎಂದಾಗುತ್ತದೆ. ಮಂಗೂಸ್ 7ರಲ್ಲಿ, 5ರಲ್ಲಿದ್ದಂತೆಯೇ, ಷರತ್ತು ಹಾಗೇ ಡೇಟಾಬೇಸಿಗೆ ಹೋಗುತ್ತದೆ. ‘ತರಗತ’ ಎಂಬ ಅಂಶ ಯಾವ ದಾಖಲೆಯಲ್ಲೂ ಇಲ್ಲದ್ದರಿಂದ ಏನೂ ಅಳಿಯುವುದಿಲ್ಲ. 6ರ ಕೊನೆಕೊನೆಯ ಆವೃತ್ತಿಗಳು ಈ ಬದಲಾವಣೆಯ ಮುನ್ಸೂಚನೆಯನ್ನು ತೆರೆಯ ಮೇಲೆ ಮೂಡಿಸುತ್ತಿದ್ದವು. ಅಂಥದ್ದನ್ನು ಓದದೆ ಮುಂದೆ ಹೋಗುವುದು ನಮ್ಮೆಲ್ಲರ ರೂಢಿ.

ಅಂಶದ ಹೆಸರಲ್ಲದೆ ಅದರ ಬೆಲೆ ತಪ್ಪಾದರೆ ಕಥೆ ಬೇರೆ. ‘ಕೊಡಿಯಾಲ್‌ಬೈಲ್’ ಎಂದು ಬರೆಯುವಾಗ ‘ಲ್’ ಮತ್ತು ‘ಬೈ’ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವೊಂದಿದೆ. ಅದಿಲ್ಲದಿದ್ದರೆ ‘ಬ’ ಒತ್ತಕ್ಷರವಾಗಿ ‘ಕೊಡಿಯಾಲ್ಬೈಲ್’ ಎಂದು ಮೂಡುತ್ತದೆ. ನಮಗೆ ಎರಡೂ ಒಂದೇ ಊರು. ನೇರ ಹೋಲಿಕೆಯಲ್ಲಿ ಡೇಟಾಬೇಸಿಗೆ ಬೇರೆ ಬೇರೆ. ಈ ತಪ್ಪಿಗೆ ಯಾವ ಆವೃತ್ತಿಯಲ್ಲೂ ಉತ್ತರ ಸೊನ್ನೆ, ಹೆಚ್ಚಿನ ಹಾನಿಯಿಲ್ಲ.

ನಿಮ್ಮ ಪ್ರಯೋಗಾಲಯದಲ್ಲಿ ಸ್ಟ್ರಿಕ್ಟ್‌ಕ್ವೆರಿಗೆ ‘ಥ್ರೋ’ ಎಂಬ ಬೆಲೆ ಕೊಟ್ಟು ನೋಡಿ. ಆಗ ನಕ್ಷೆಯಲ್ಲಿಲ್ಲದ ಹೆಸರು ಕಂಡೊಡನೆ ಲೈಬ್ರರಿ ದೋಷ ಸಾರುತ್ತದೆ. ಮಂಗೂಸ್ 6ರಲ್ಲೇ ಬಂದ ‘ಸ್ಯಾನಿಟೈಸ್‌ಫಿಲ್ಟರ್’ ಕೂಡ ಉಪಯುಕ್ತ: ಹೊರಗಿನವರು ಹುಡುಕು ಪೆಟ್ಟಿಗೆಯ ಮೂಲಕ ಷರತ್ತಿನೊಳಗೆ ತೂರಿಸುವ ಆದೇಶಚಿಹ್ನೆಗಳನ್ನು ಅದು ನಿಷ್ಫಲಗೊಳಿಸುತ್ತದೆ, ಆದರೆ ನೀವೇ ಅದನ್ನು ಚಾಲೂ ಮಾಡಬೇಕು. ಇನ್ನು ಅಳಿಸುವ ಮುನ್ನ ಅದೇ ಷರತ್ತನ್ನು ಕೌಂಟ್‌ಡಾಕ್ಯುಮೆಂಟ್ಸ್‌ಗೆ ಕೊಟ್ಟು ಎಣಿಸಿ. ಒಂದು ತರಗತಿಯ 60 ಜನರ ಬದಲು ಇಡೀ ಕಾಲೇಜಿನ ಸಂಖ್ಯೆ ಬಂದರೆ ಕೀಲಿಮಣೆಯಿಂದ ಕೈ ತೆಗೆಯಿರಿ.