ಚಿಚಾರಿಟೊ, ಸಮೋವಾ ಮತ್ತು ನಮ್ಮ ಕಡೆಯ ಜೂನ್ 1

ಮೆಕ್ಸಿಕೊದ ಫುಟ್‌ಬಾಲ್ ಆಟಗಾರ ಹವಿಯೆರ್ ಹೆರ್ನಾಂಡೆಜ್ ಗೊತ್ತಲ್ಲ? ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದವನು. ಎಲ್ಲರೂ ಕರೆಯೋದು ‘ಚಿಚಾರಿಟೊ’ ಅಂತ, ಅಂದರೆ ಪುಟ್ಟ ಬಟಾಣಿ. ಅವನು ಹುಟ್ಟಿದ್ದು 1988ರ ಜೂನ್ 1ರಂದು. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾ ತನ್ನ ಸ್ವಾತಂತ್ರ್ಯ ದಿನ ಆಚರಿಸೋದೂ ಜೂನ್ 1ಕ್ಕೇ. ಎಲ್ಲಿಯ ಮೆಕ್ಸಿಕೊ, ಎಲ್ಲಿಯ ಸಮೋವಾ! ಆಶ್ಚರ್ಯಪಡುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

2018ರ ವಿಶ್ವಕಪ್‌ನಲ್ಲಿ 32 ತಂಡ, ತಂಡಕ್ಕೆ 23 ಆಟಗಾರರು, ಒಟ್ಟು 736 ಮಂದಿ. 365ರಿಂದ ಭಾಗಿಸಿದರೆ ದಿನಕ್ಕೆ ಸರಾಸರಿ ಇಬ್ಬರ ಹುಟ್ಟುಹಬ್ಬ. ಹುಟ್ಟಿದ ದಿನಗಳು ವರ್ಷವಿಡೀ ಸಮನಾಗಿ ಹರಡಿವೆ ಅಂದುಕೊಂಡರೆ, ಯಾವುದೇ ಒಂದು ದೇಶದ ಸ್ವಾತಂತ್ರ್ಯ ದಿನಕ್ಕೆ ಕನಿಷ್ಠ ಒಬ್ಬ ಆಟಗಾರ ಸಿಗುವ ಸಂಭವನೀಯತೆ ಸುಮಾರು ಶೇ 87. ಹಾಗಾಗಿ ಇದರಲ್ಲಿ ಪವಾಡ ಏನೂ ಇಲ್ಲ.

ಈಗ ಚಿಕ್ಕೋಡಿ ತಾಲ್ಲೂಕಿನ ಕರೋಶಿಗೆ ಬರೋಣ. ಕರೋಶಿ ಇರಲಿ, ರಾಯಬಾಗ, ಅಥಣಿ ಕಡೆಯ ಹಳ್ಳಿ ಇರಲಿ, ಹಿರಿಯರ ಶಾಲೆ ದಾಖಲೆ ತೆಗೆಸಿ ನೋಡಿ, ಜೂನ್ 1 ಮತ್ತೆ ಮತ್ತೆ ಕಾಣುತ್ತದೆ. ಲೆಕ್ಕದ ಪ್ರಕಾರ 40 ಮಕ್ಕಳ ಒಂಬತ್ತು ತರಗತಿ ಸೇರಿಸಿದರೆ ಅಂಥ ಒಂದು ಮಗು ಸಿಗಬೇಕು. ಒಂದೇ ತರಗತಿಯಲ್ಲಿ ನಾಲ್ಕೈದು ಮಂದಿ ಕಂಡರೆ ಅದು ಕಾಕತಾಳೀಯ ಅಲ್ಲ, ಮಾಸ್ತರ ಪೆನ್ನು.

ಕಾರಣ ಸರಳ. “ಕಾರಹುಣ್ಣಿವಿ ಹಿಂದ-ಮುಂದ ಹುಟ್ಯಾನ್ರಿ ಸರ” ಅಂದರೆ ರಿಜಿಸ್ಟರಿನಲ್ಲಿ ಏನು ಬರೆಯಬೇಕು? ಶಾಲೆ ಶುರುವಾಗೋದು ಜೂನ್ ಹೊತ್ತಿಗೆ, ಸೇರಿಸಲು ವಯಸ್ಸು ಎಣಿಸೋದೂ ಜೂನ್ 1ಕ್ಕೆ. ಆ ತಾರೀಖು ಹಾಕಿದರೆ ಮಗುವಿಗೆ ಪ್ರವೇಶ ಸಿಕ್ಕಿತು.

ತಮಾಷೆ ಅಂದರೆ ಸಮೋವಾ ಕಥೆಯೂ ಹೀಗೇ. ನ್ಯೂಜಿಲೆಂಡ್ ಆಡಳಿತದಿಂದ ಅದು ನಿಜವಾಗಿ ಬಿಡುಗಡೆಯಾದದ್ದು 1962ರ ಜನವರಿ 1ರಂದು. ಹಬ್ಬ ಮಾತ್ರ ಜೂನ್‌ನಲ್ಲಿ. ದೇಶಕ್ಕೆ ಇದು ನಡೆಯುತ್ತದೆ, ಮನುಷ್ಯನಿಗೆ ತೊಂದರೆ. ಸರ್ಕಾರಿ ನೌಕರ 60 ತುಂಬುವ ತಿಂಗಳ ಕೊನೆಗೆ ನಿವೃತ್ತನಾಗುತ್ತಾನೆ. 1ನೇ ತಾರೀಖಿನವನಾದರೆ ಹಿಂದಿನ ತಿಂಗಳ ಕೊನೆಗೇ. ನಿಜವಾಗಿ ನವೆಂಬರ್‌ನಲ್ಲಿ ಹುಟ್ಟಿದವನೂ ಹೀಗೆ ಮೇ 31ಕ್ಕೆ ಮನೆಗೆ, ಆರು ತಿಂಗಳ ಸಂಬಳ ಖೋತಾ. ಫುಟ್‌ಬಾಲ್‌ನಲ್ಲಿ ಇನ್ನೂ ಕಠಿಣ. ಹದಿಹರೆಯದವರ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ಅಂದಾಜು ಮಾಡುವ ಪದ್ಧತಿ ಇದೆ. ಕಾಗದ ಒಂದು ಹೇಳಿ ಎಲುಬು ಇನ್ನೊಂದು ಹೇಳಿದರೆ, ಯಾರೋ ಅಂದಾಜಿನಲ್ಲಿ ಬರೆದ ತಾರೀಖಿಗೆ ಹುಡುಗ ಉತ್ತರ ಕೊಡಬೇಕು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶದಿಂದ ಹಿಡಿದು ಸರ್ಕಾರಿ ನೌಕರಿ ತನಕ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ದಾಖಲೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕೂಸು ಹುಟ್ಟಿದರೆ 21 ದಿನದೊಳಗೆ ನೋಂದಣಿ ಆಯ್ತಾ ಅಂತ ಒಮ್ಮೆ ಕೇಳಿಬಿಡಿ. ಮುಂದೆ ಆ ಕೂಸು ಚೆಂಡು ಒದೆಯಲಿ, ಕೋಡ್ ಬರೆಯಲಿ, ಹುಟ್ಟುಹಬ್ಬವಾದರೂ ಅದರದ್ದೇ ಆಗಿರಲಿ.